‘ಉಪಯೋಗಕ್ಕೆ ಬಾರದ’ ಲೆಕ್ಕ ಡಿಸ್ಕಿನೊಳಗೆ ಹೋಗಿ ಕೂತದ್ದು ಹೀಗೆ!

ಊರು ಹೊಸದು. ಬಸ್ ಇಳಿದಾಯ್ತು. ನಿಂತದ್ದು ಯಾವ ಸರ್ಕಲ್ ಅಂತ ಗೊತ್ತಿಲ್ಲ. ಗೆಳೆಯನಿಗೆ ಫೋನ್ ಮಾಡಿದರೆ ಅವನು ಮೊದಲು ಕೇಳುವುದೇ ‘ಎಲ್ಲಿದ್ದೀಯ ಮಾರಾಯ?’ ಎಂದು. ಅದು ಗೊತ್ತಿದ್ದರೆ ಫೋನ್ ಯಾಕೆ ಮಾಡಬೇಕಿತ್ತು?

ನಿಂತ ಜಾಗ ತಿಳಿಯದೆಯೇ ಮನೆ ತಲುಪಿಸಲು ಆಗುತ್ತದೆಯೇ? ರಸ್ತೆಗಳಿಗೆಲ್ಲ ಬಣ್ಣ ಹಚ್ಚಿ, ‘ಕೆಂಪು ಹಿಡಿ, ಆಮೇಲೆ ನೀಲಿ, ಮತ್ತೆ ನೀಲಿ’ ಎಂದು ಒಂದೇ ಪಟ್ಟಿ ಕೊಡಬೇಕು. ಊರಿನ ಯಾವ ಮೂಲೆಯಿಂದ ಹೊರಟವನೂ ಆ ಪಟ್ಟಿ ಹಿಡಿದು ಒಂದೇ ಬಾಗಿಲಿಗೆ ಬಂದು ನಿಲ್ಲಬೇಕು!

ತಮಾಷೆಯಂತೆ ಕಾಣುವ ಈ ಪ್ರಶ್ನೆಯ ಹಿಂದಿದ್ದವರು ಅಮೆರಿಕದ ಗಣಿತಜ್ಞ ರಾಯ್ ಆಡ್ಲರ್. 1970ರಲ್ಲಿ ಬೆಂಜಮಿನ್ ವೈಸ್ ಜೊತೆ ಇದನ್ನೆತ್ತಿದರು. 1977ರಲ್ಲಿ ಗುಡ್ವಿನ್ ಕೂಡ ಸೇರಿ ಮೂವರೂ ಇದರ ಬಗ್ಗೆ ಬರೆದರು. ಷರತ್ತು ಇಷ್ಟೆ: ಎಲ್ಲ ಸರ್ಕಲ್‌ನಿಂದಲೂ ಹೊರಡುವ ಒನ್‌ವೇ ರಸ್ತೆಗಳ ಸಂಖ್ಯೆ ಒಂದೇ ಇರಬೇಕು. ಎಲ್ಲಿಂದ ಎಲ್ಲಿಗಾದರೂ ಹೋಗುವಂತಿರಬೇಕು. ಸುತ್ತು ಹಾಕಿ ಹೊರಟಲ್ಲಿಗೇ ಬರುವ ದಾರಿಗಳಲ್ಲಿ ಎಷ್ಟೆಷ್ಟು ರಸ್ತೆ ಇವೆಯೋ ಆ ಸಂಖ್ಯೆಗಳಿಗೆಲ್ಲ 1 ಬಿಟ್ಟು ಬೇರೆ ಸಾಮಾನ್ಯ ಭಾಜಕ ಇರಬಾರದು. ಅಂಥ ಊರಿಗೆ ಸರಿಯಾದ ಬಣ್ಣ ಇದ್ದೇ ಇರುತ್ತದೆ ಎಂಬುದು ಅವರ ಊಹೆ. ಸಾಧಿಸಿ ತೋರಿಸಲು ಮಾತ್ರ ಆಗಲಿಲ್ಲ.

ಸಂಬಳ ಕೊಟ್ಟದ್ದು ಯಾಕೆ?

ಆಡ್ಲರ್ ಹುಟ್ಟಿದ್ದು 1931ರಲ್ಲಿ. ಯೇಲ್ ವಿಶ್ವವಿದ್ಯಾಲಯದಲ್ಲಿ ಕಾಕುತಾನಿ ಎಂಬ ಜಪಾನಿ ಮೂಲದ ಗುರುಗಳ ಕೈಕೆಳಗೆ 1961ರಲ್ಲಿ ಡಾಕ್ಟರೇಟ್. ಆಮೇಲೆ ದುಡಿದದ್ದು ಐಬಿಎಂ ಕಂಪನಿಯ ವಾಟ್ಸನ್ ಸಂಶೋಧನಾ ಕೇಂದ್ರದಲ್ಲಿ. ಯಂತ್ರ ಮಾರಿ ಬದುಕುವ ಕಂಪನಿ ಇಂಥ ಬಣ್ಣದ ಲೆಕ್ಕಕ್ಕೆ ಸಂಬಳ ಯಾಕೆ ಕೊಡಬೇಕು ಎಂದು ಯಾವ ಅಂಗಡಿಯವರಾದರೂ ಕೇಳಿಯಾರು.

ಅವರ ಶಾಸ್ತ್ರದ ಹೆಸರು ‘ಡೈನಮಿಕಲ್ ಸಿಸ್ಟಮ್ಸ್’. ಒಂದೇ ನಿಯಮ ಮತ್ತೆ ಮತ್ತೆ ನಡೆದರೆ ಕೊನೆಗೆ ಏನಾಗುತ್ತದೆ ಎಂದು ನೋಡುವುದು ಅದರ ಕೆಲಸ. 1965ರಲ್ಲಿ ಕಾನ್‌ಹೈಮ್, ಮೆಕ್‌ಆಂಡ್ರೂ ಜೊತೆ ಸೇರಿ ಅವರು ‘ಟೊಪಲಾಜಿಕಲ್ ಎಂಟ್ರಪಿ’ ಎಂಬ ಅಳತೆ ಕೊಟ್ಟರು. ಹೆಜ್ಜೆ ಮುಂದಕ್ಕೆ ಹೋದ ಹಾಗೆ ದಾರಿಗಳು ಎಷ್ಟು ಬೇಗ ಕವಲೊಡೆಯುತ್ತವೆ ಎಂಬುದರ ತಕ್ಕಡಿ ಅದು. ಆಗ ಅದು ಬರೀ ಕಾಗದದ ಮೇಲಿನ ಮಾತು.

ತಕ್ಕಡಿ ಕೆಲಸಕ್ಕೆ ಬಂತು

ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಬರೆಯುವುದು ಆಯಸ್ಕಾಂತದ ಗುರುತಿನಲ್ಲಿ. ದಿಕ್ಕು ತಿರುಗಿದರೆ 1, ತಿರುಗದಿದ್ದರೆ 0. ಎರಡು 1 ಒತ್ತಿಕೊಂಡು ಕೂತರೆ ಒಂದರ ಗುರುತು ಇನ್ನೊಂದನ್ನು ಕೆಡಿಸುತ್ತೆ. ಸೊನ್ನೆಗಳ ಸಾಲು ಉದ್ದವಾದರೆ ಎಷ್ಟು ದಾಟಿತು ಎಂಬ ಎಣಿಕೆಯೇ ತಪ್ಪುತ್ತೆ. ಹಾಗಾಗಿ ಒಂದು ಕಟ್ಟಳೆ: ಎರಡು 1ರ ನಡುವೆ ಕಡಿಮೆ ಅಂದರೆ ಒಂದು ಸೊನ್ನೆ, ಹೆಚ್ಚೆಂದರೆ ಏಳು.

ಆದರೆ ಗಿರಾಕಿಯ ಬಿಲ್ಲು ಈ ಕಟ್ಟಳೆ ಕೇಳೀತೇ? ಅದನ್ನು ಬೇರೆ ಕೋಡಿಗೆ ತಿರುಗಿಸಿ ಬರೆಯಬೇಕು, ಓದುವಾಗ ವಾಪಸು ತಿರುಗಿಸಬೇಕು. ಅದರಲ್ಲಿ ಜಾಗ ಎಷ್ಟು ದಂಡ? ಹಳೆಯ ತಕ್ಕಡಿಯೇ ಉತ್ತರ ಹೇಳಿತು: 100 ಮನೆಗಳಲ್ಲಿ ಹೆಚ್ಚೆಂದರೆ ಸುಮಾರು 67.9 ಅಂಕಿಯ ಸರಕು ಹಿಡಿಸುತ್ತದೆ. ಆಡ್ಲರ್, ಹ್ಯಾಸ್ನರ್, ಮೂಸೌರಿಸ್ ಕಟ್ಟಿದ ಕೋಡ್ 2 ಅಂಕಿಯನ್ನು 3 ಮನೆಗಳಲ್ಲಿ ಕೂರಿಸಿತು. ಅಂದರೆ ನೂರಕ್ಕೆ 66.7. ಇನ್ನು ಹಿಂಡಲು ಉಳಿದದ್ದು ಒಂದು ಚೂರು ಮಾತ್ರ! ಅನೇಕ ಹಾರ್ಡ್ ಡಿಸ್ಕುಗಳು ಇದೇ ಕೋಡ್ ಬಳಸಿದವು. ಬೇರೆ ಕೋಡುಗಳು ಅದರ ಜಾಗ ಹಿಡಿದದ್ದು ಆಮೇಲೆ.

1983ರಲ್ಲಿ ಆಡ್ಲರ್, ಕಾಪರ್‌ಸ್ಮಿತ್, ಹ್ಯಾಸ್ನರ್ ಇನ್ನೂ ಮುಂದೆ ಹೋದರು. ಇಂಥ ಯಾವ ಕಟ್ಟಳೆ ಕೊಟ್ಟರೂ ಕೋಡ್ ಕಟ್ಟುವ ಕ್ರಮ ತೋರಿಸಿಕೊಟ್ಟರು. ಒಂದು ಅಂಕಿ ತಪ್ಪಿ ಓದಿದರೂ ತಪ್ಪು ಅಕ್ಕಪಕ್ಕದ ಕೆಲವು ಅಂಕಿಗೇ ನಿಲ್ಲುವಂತೆ ಮಾಡಿದರು. ಅದಕ್ಕೆ ಅವರು ಹಿಡಿದ ಚಿತ್ರ ಯಾವುದು? ಅದೇ ಸರ್ಕಲ್, ಅದೇ ಒನ್‌ವೇ ಬಾಣ!

ಇತ್ತ ಬಣ್ಣದ ರಸ್ತೆ ಮಾತ್ರ ಹಾಗೇ ಉಳಿದಿತ್ತು. ಅದನ್ನು ಬಿಡಿಸಿದವರು ಅವ್ರಹಾಂ ಟ್ರಾಟ್‌ಮನ್. ರಷ್ಯಾದಿಂದ 1992ರಲ್ಲಿ ಇಸ್ರೇಲಿಗೆ ಬಂದು, ಓದಿಗೆ ತಕ್ಕ ಕೆಲಸ ಸಿಗದೆ ಕಾವಲುಗಾರರಾಗಿ ದುಡಿದವರು. ಆಮೇಲೆ ಬಾರ್ ಇಲಾನ್ ವಿಶ್ವವಿದ್ಯಾಲಯ ಸೇರಿದರು. 2007ರಲ್ಲಿ, 63ನೇ ವಯಸ್ಸಿನಲ್ಲಿ, ಊಹೆ ಸರಿ ಎಂದು ಸಾಧಿಸಿದರು.

ಪ್ರಶ್ನೆ ಎತ್ತಿದ ಆಡ್ಲರ್‌ಗೆ ಆಗ 76. ಉತ್ತರ ನೋಡಿಕೊಂಡೇ ಅವರು 2016ರಲ್ಲಿ ತೀರಿಕೊಂಡರು. ಅಂಗಡಿಯ ಲೆಕ್ಕ ಸಂಜೆ ಬಾಗಿಲು ಎಳೆಯುವ ಮುಂಚೆ ಕೂಡಬೇಕು, ನಿಜ. ಈ ಲೆಕ್ಕ ಕೂಡಲು ಮಾತ್ರ 37 ವರ್ಷ ಹಿಡಿಯಿತು. ಅಷ್ಟು ದಿನ ಬಾಕಿ ಇಟ್ಟುಕೊಂಡವರಿಗೆ ನಷ್ಟವೇನೂ ಆಗಲಿಲ್ಲ.