ಜೀವಕೋಶಗಳ ಗಾರೆಯನ್ನು ಗುರುತಿಸುವ ಪ್ರತಿಕಾಯ

ಪುಣೆಯಿಂದ ದಕ್ಷಿಣಕ್ಕೆ ಸುಮಾರು 50 ಕಿ.ಮೀ. ದೂರದಲ್ಲಿರುವ ಭೋರ್ ಪಟ್ಟಣಕ್ಕೆ ಹೋದವರು ಸಮೀಪದ ಭಾಟಘರ್ ಅಣೆಕಟ್ಟನ್ನು ನೋಡಿರಬಹುದು. 1928ರಲ್ಲಿ ಉದ್ಘಾಟನೆಗೊಂಡ ಆ ಕಲ್ಲುಕಟ್ಟಡದಲ್ಲಿ ಕಲ್ಲುಗಳನ್ನು ಒಂದಾಗಿ ಹಿಡಿದಿರುವುದು ಗಾರೆ. ನಮ್ಮ ಚರ್ಮ, ಕರುಳು, ಸ್ತನನಾಳಗಳ ಒಳಪದರಗಳಲ್ಲಿಯೂ ಜೀವಕೋಶಗಳನ್ನು ಒಂದಕ್ಕೊಂದು ಬೆಸೆಯುವ ಇಂತಹುದೇ ಒಂದು ಗಾರೆಯಿದೆ. ಅದು ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನು. ಕ್ಯಾಲ್ಸಿಯಂ ಇದ್ದರೆ ಮಾತ್ರ ಅದರ ಹಿಡಿತ ಬಿಗಿಯಾಗಿರುತ್ತದೆ.

ಕಣ್ಣಿಗೆ ಕಾಣದ ಈ ಗಾರೆಯನ್ನು ತೋರಿಸಿಕೊಟ್ಟದ್ದು ಪ್ರತಿಕಾಯಗಳು. ಜಪಾನಿನ ಕ್ಯೋಟೋದಲ್ಲಿ ಮಸಾತೋಷಿ ತಾಕೇಚಿ ಮತ್ತು ಸಹೋದ್ಯೋಗಿಗಳು 1984ರಲ್ಲಿ ಇಸಿಸಿಡಿ-1 ಎಂಬ ಪ್ರತಿಕಾಯವನ್ನು ವರದಿ ಮಾಡಿದರು. ಅದನ್ನು ಬೆರೆಸಿದೊಡನೆ ಚಿಕ್ಕ ಇಲಿಯ ಜೀವಕೋಶಗಳು ಪರಸ್ಪರ ಅಂಟಿಕೊಳ್ಳುವ ಶಕ್ತಿಯನ್ನು ಕಳೆದುಕೊಂಡವು. ಪ್ರತಿಕಾಯವು ಹೋಗಿ ಹಿಡಿದ ವಸ್ತುವೇ ಗಾರೆಯೆಂಬುದು ಹೀಗೆ ದೃಢವಾಯಿತು.

ಚಿಕ್ಕ ಇಲಿಯ ಪ್ರೋಟೀನನ್ನು ಹುಡುಕುವ ಈ ಪ್ರತಿಕಾಯವನ್ನು ತಯಾರಿಸಿದ್ದು ಬೇರೊಂದು ಪ್ರಾಣಿಯಲ್ಲಿ, ಅಂದರೆ ದೊಡ್ಡ ಜಾತಿಯ ಇಲಿಯಲ್ಲಿ. ಕಾರಣವಿಷ್ಟೆ: ಯಾವ ಪ್ರಾಣಿಯ ರಕ್ಷಣಾವ್ಯವಸ್ಥೆಯೂ ಸಾಮಾನ್ಯವಾಗಿ ತನ್ನದೇ ಪ್ರೋಟೀನನ್ನು ಶತ್ರುವೆಂದು ಎಣಿಸುವುದಿಲ್ಲ. ಪ್ರತಿಕಾಯ ತಯಾರಿಸುವ ಜೀವಕೋಶವನ್ನು ಅರ್ಬುದಕೋಶದೊಡನೆ ಬೆಸೆದರೆ, ಒಂದೇ ಬಗೆಯ ಪ್ರತಿಕಾಯವು ನಿರಂತರವಾಗಿ ದೊರೆಯುತ್ತದೆ. 1975ರಲ್ಲಿ ಈ ವಿಧಾನವನ್ನು ರೂಪಿಸಿದ ಕೋಹ್ಲರ್ ಮತ್ತು ಮಿಲ್‌ಸ್ಟೀನ್ 1984ರ ನೊಬೆಲ್ ಪ್ರಶಸ್ತಿಗೆ ಪಾತ್ರರಾದರು.

ಪರೀಕ್ಷೆಯಲ್ಲಿ ಅಂಗಾಂಶದ ತೆಳುವಾದ ಪದರದ ಮೇಲೆ ಪ್ರತಿಕಾಯವನ್ನು ಹಾಕಿ, ಅಂಟದೆ ಉಳಿದುದನ್ನು ತೊಳೆಯುತ್ತಾರೆ. ಬಳಿಕ ಅದನ್ನು ಗುರುತಿಸುವ, ಬಣ್ಣ ಕೊಡುವ ಎರಡನೆಯ ಪ್ರತಿಕಾಯವನ್ನು ಹಾಕುತ್ತಾರೆ. ಗಾರೆ ಇರುವಲ್ಲಿ ಜೀವಕೋಶಗಳ ಅಂಚು ಬಲೆಯಂತೆ ಎದ್ದು ಕಾಣುತ್ತದೆ.

ಇದು ಇಲಿಗಳ ಪ್ರಯೋಗಶಾಲೆಗೇ ಸೀಮಿತವಾದ ವಿಷಯವಲ್ಲ. ಮಾನವ ಪ್ರೋಟೀನನ್ನು ಹಿಡಿಯುವ ಬೇರೆ ಪ್ರತಿಕಾಯಗಳಿಂದ ಆಸ್ಪತ್ರೆಗಳಲ್ಲಿ ಇದೇ ಪರೀಕ್ಷೆ ನಡೆಯುತ್ತದೆ. ಸ್ತನ ಕ್ಯಾನ್ಸರ್‌ಗಳಲ್ಲಿ ಶೇ. 10ರಿಂದ 15ರಷ್ಟು ಲೋಬ್ಯುಲರ್ ಎಂಬ ಬಗೆಯವು. ಅವುಗಳಲ್ಲಿ ಬಹುಪಾಲಿನಲ್ಲಿ ಇ-ಕ್ಯಾಡ್ಹೆರಿನ್ ನಷ್ಟವಾಗಿರುತ್ತದೆ. ಗಾರೆ ಕಳಚಿದ ಜೀವಕೋಶಗಳು ಗಡ್ಡೆ ಕಟ್ಟದೆ ಒಂದರ ಹಿಂದೊಂದು ಸಾಲಾಗಿ ಹರಡುವುದರಿಂದ, ಕೈಗೆ ಗಂಟು ಸಿಗದಿರಬಹುದು. ಮ್ಯಾಮೋಗ್ರಾಂನಲ್ಲಿಯೂ ಅದು ತಪ್ಪಿಸಿಕೊಳ್ಳಬಹುದು. ಆದುದರಿಂದ ಸ್ತನ ದಪ್ಪಗಾಗುವುದು, ಚರ್ಮ ಒಳಸೆಳೆದುಕೊಳ್ಳುವುದು ಮುಂತಾದ ಬದಲಾವಣೆಗಳನ್ನು, ಗಂಟಿಲ್ಲವೆಂಬ ಸಮಾಧಾನದಿಂದ ಕಡೆಗಣಿಸಬಾರದು.

ವರದಿಯಲ್ಲಿ ‘ಇ-ಕ್ಯಾಡ್ಹೆರಿನ್ ನೆಗೆಟಿವ್’ ಎಂದಿದ್ದರೆ ಅದು ರೋಗವಿಲ್ಲವೆಂಬ ಮಾತಲ್ಲ. ಗಾರೆ ಕಾಣಲಿಲ್ಲವೆಂದಷ್ಟೇ ಅದರ ಅರ್ಥ. ಅದೇ ಪದರದಲ್ಲಿರುವ ಆರೋಗ್ಯವಂತ ನಾಳಕ್ಕೆ ಬಣ್ಣ ಬಂದಿದ್ದರೆ ಮಾತ್ರ ಆ ಫಲಿತಾಂಶವನ್ನು ನಂಬಬಹುದು. ಜೀವಕೋಶಗಳ ಆಕಾರವನ್ನೂ ನೋಡಿ ವೈದ್ಯರು ತೀರ್ಮಾನಕ್ಕೆ ಬರುತ್ತಾರೆ. ನಮ್ಮ ಮನೆಯ ಹೆಣ್ಣುಮಕ್ಕಳು, ಹಿರಿಯರು ಇಂತಹ ವರದಿಯನ್ನು ಕೈಯಲ್ಲಿ ಹಿಡಿದು ಬಂದಾಗ, ಈ ಒಂದು ಪದದ ಅರ್ಥ ತಿಳಿದಿದ್ದರೆ ವೈದ್ಯರನ್ನು ಸರಿಯಾದ ಪ್ರಶ್ನೆ ಕೇಳಲು ಸಾಧ್ಯವಾದೀತು.