ಜಾಲದ ಬೀಗದ ಕೈ ಯಾರ ಬಳಿ ಇರಬೇಕು?

ತಿಜೋರಿಯ ಬೀಗದ ಕೈಯನ್ನು ಯಾವ ಮಾಲೀಕರೂ ಕಂಡವರ ಕೈಗೆ ಒಪ್ಪಿಸುವುದಿಲ್ಲ. ಆದರೆ ಕಚೇರಿಯ ಗಣಕಯಂತ್ರಗಳನ್ನು ಒಂದುಗೂಡಿಸುವ ನೆಟ್‌ವರ್ಕ್ ಸ್ವಿಚ್ಚಿನ ಪಾಸ್‌ವರ್ಡ್ ಯಾರಲ್ಲಿದೆ ಎಂದು ವಿಚಾರಿಸಿದರೆ, ಕಾಪುವಿನ ಸಗಟು ಮಳಿಗೆಯಿರಲಿ, ಕಾರ್ಕಳದ ಗೇರುಬೀಜ ಕಾರ್ಖಾನೆಯಿರಲಿ, ಮಣಿಪಾಲದ ಮುದ್ರಣಾಲಯವಿರಲಿ, "ಜೋಡಿಸಿಕೊಟ್ಟವರಿಗೆ ಗೊತ್ತು" ಎಂಬ ಉತ್ತರ ಬರುವ ಸಂಭವವೇ ಹೆಚ್ಚು.

ಇದು ಕೇವಲ ತಾಂತ್ರಿಕ ವಿಷಯವಲ್ಲ. ಸ್ವಿಚ್ಚಿನ ಪೂರ್ಣಾಧಿಕಾರ ಪಡೆದವನು ಲೆಕ್ಕಪತ್ರ ವಿಭಾಗವನ್ನೇ ಜಾಲದಿಂದ ಕಡಿದುಹಾಕಬಲ್ಲ. ಒಂದು ಪೋರ್ಟಿನಲ್ಲಿ ಹರಿಯುವ ಮಾಹಿತಿಯ ಪ್ರತಿಯನ್ನು ಇನ್ನೊಂದಕ್ಕೆ ತಿರುಗಿಸಬಲ್ಲ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಬದಲಿಸದ ಸಾವಿರಾರು ಕ್ಯಾಮೆರಾ ಮತ್ತು ರೌಟರುಗಳನ್ನು 2016ರಲ್ಲಿ 'ಮಿರೈ' ಎಂಬ ದುಷ್ಟ ತಂತ್ರಾಂಶ ವಶಪಡಿಸಿಕೊಂಡಿತ್ತು. ಅದರ ಆಯುಧ ಸುಮಾರು 60 ಸಿದ್ಧ ಪಾಸ್‌ವರ್ಡ್‌ಗಳ ಪಟ್ಟಿಯಷ್ಟೆ.

1906ರಲ್ಲಿ ಕಾರ್ಪೊರೇಷನ್ ಬ್ಯಾಂಕಿಗೂ 1925ರಲ್ಲಿ ಸಿಂಡಿಕೇಟ್ ಬ್ಯಾಂಕಿಗೂ ಜನ್ಮವಿತ್ತ ಉಡುಪಿಗೆ ಜಂಟಿ ಬೀಗದ ಪದ್ಧತಿ ಹೊಸದಲ್ಲ. ಒಬ್ಬರು ಬರೆದುದನ್ನು ಇನ್ನೊಬ್ಬರು ಪರಿಶೀಲಿಸಬೇಕೆಂಬ ಬ್ಯಾಂಕಿನ ನಿಯಮವನ್ನೇ ಇಲ್ಲಿಯೂ ಅನ್ವಯಿಸಬೇಕು.

ಮೊದಲನೆಯದಾಗಿ, ಸಿದ್ಧ ಪಾಸ್‌ವರ್ಡ್ ಬದಲಿಸಿ, ಪ್ರತಿಯೊಬ್ಬರಿಗೂ ಪ್ರತ್ಯೇಕ ಖಾತೆ ಕೊಡಿಸಿರಿ. ನೋಡುವವರಿಗೆ ನೋಡುವ ಅಧಿಕಾರ ಸಾಕು. ಸಿಸ್ಕೊ ಸ್ವಿಚ್ಚುಗಳಲ್ಲಿ 0ಯಿಂದ 15ರವರೆಗೆ ಅಧಿಕಾರದ ಹಂತಗಳಿದ್ದು, 15 ಎಂದರೆ ಪೂರ್ಣಾಧಿಕಾರ.

ಎರಡನೆಯದಾಗಿ, ಪಾಸ್‌ವರ್ಡನ್ನು ಬಯಲಾಗಿಯೇ ಸಾಗಿಸುವ ಟೆಲ್‌ನೆಟ್ ನಿಲ್ಲಿಸಿ, ಗೂಢಲಿಪಿಯಲ್ಲಿ ಸಾಗಿಸುವ ಎಸ್‌ಎಸ್‌ಎಚ್ ಬಳಸಿರಿ. ಜಾಲದ ಮೇಲ್ವಿಚಾರಣೆಯ ಎಸ್‌ಎನ್‌ಎಂಪಿ ಸೌಲಭ್ಯ ಬೇಡವಾದರೆ ಮುಚ್ಚಿಸಿರಿ. ಬೇಕಾದರೆ 'ಪಬ್ಲಿಕ್', 'ಪ್ರೈವೇಟ್' ಎಂಬ ಸರ್ವವಿದಿತ ಸಂಕೇತಪದಗಳನ್ನು ತೆಗೆಸಿ, ಮೂರನೆಯ ಆವೃತ್ತಿಯನ್ನು ಗೂಢಲಿಪಿಯೊಡನೆ ಅಳವಡಿಸಿರಿ.

ಮೂರನೆಯದಾಗಿ, ನಿಗದಿಪಡಿಸಿದ ಒಂದೆರಡು ಗಣಕಯಂತ್ರಗಳಿಂದ ಮಾತ್ರ ಸ್ವಿಚ್ಚಿಗೆ ಪ್ರವೇಶವಿರಲಿ. ಗ್ರಾಹಕರಿಗೆ ನೀಡುವ ವೈ-ಫೈ ಅತ್ತ ಸುಳಿಯಬಾರದು. ಆದರೆ ಅನುಮತಿ ಪಟ್ಟಿಯಲ್ಲಿ ತಮ್ಮ ಯಂತ್ರದ ವಿಳಾಸವೇ ಬಿಟ್ಟುಹೋದರೆ ತಮಗೇ ಬಾಗಿಲು ಮುಚ್ಚುತ್ತದೆ. ಆದ್ದರಿಂದ ಕನ್ಸೋಲ್ ಕೇಬಲ್ ಸಿದ್ಧವಿಟ್ಟುಕೊಂಡು, ಪರೀಕ್ಷಿಸಿದ ಬಳಿಕವೇ ಬದಲಾವಣೆಯನ್ನು ಶಾಶ್ವತವಾಗಿ ಉಳಿಸತಕ್ಕದ್ದು.

ಯಾರು, ಯಾವಾಗ, ಏನು ಬದಲಿಸಿದರೆಂಬ ದಾಖಲೆಯೂ ಇರಲಿ. ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಕಂಪನಿಗಳು ಇಂತಹ ದಾಖಲೆಗಳನ್ನು 180 ದಿನ ಕಾಪಾಡಬೇಕು. ನಿರ್ದಿಷ್ಟ ಸೈಬರ್ ಘಟನೆಗಳನ್ನು ಅರಿವಿಗೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು.

ಪೂರ್ಣಾಧಿಕಾರದ ಪಾಸ್‌ವರ್ಡನ್ನು ಮೊಹರು ಮಾಡಿದ ಲಕೋಟೆಯಲ್ಲಿ ಮಾಲೀಕರೇ ಇಟ್ಟುಕೊಳ್ಳುವುದು ಲೇಸು. ನೌಕರರು ಕೆಲಸ ಬಿಟ್ಟಾಗ ಲೆಕ್ಕ ಚುಕ್ತಾ ಮಾಡುವ ದಿನವೇ ಅವರ ಖಾತೆಯೂ ರದ್ದಾಗಲಿ. ವರ್ಷಾಂತ್ಯದ ದಾಸ್ತಾನು ತಪಾಸಣೆಯ ಜೊತೆಗೆ ಅಧಿಕಾರಗಳ ಪಟ್ಟಿಯನ್ನೂ ಒಮ್ಮೆ ತಾಳೆ ನೋಡಿದರೆ, ಇದಕ್ಕೆ ತಗಲುವ ಖರ್ಚು ಒಂದು ಗಂಟೆಯ ಸಮಯ ಮಾತ್ರ.