ಜಯವೂ ಸಿದ್ಧಿಯೂ: ಪ್ರತಿವಾದಿಯ ಸಮ್ಮತಿಗೆ ಜೈನ ನ್ಯಾಯದಲ್ಲಿರುವ ಸ್ಥಾನ

ಶಾಸನಗಳ ಗುರುಪರಂಪರಾ ಪದ್ಯಗಳಲ್ಲಿಯೂ ಹಸ್ತಪ್ರತಿಗಳ ಪುಷ್ಪಿಕೆಗಳಲ್ಲಿಯೂ ಆಚಾರ್ಯರ ವಾದಜಯವನ್ನು ಕೊಂಡಾಡುವ ಬಿರುದುಗಳು ಹೇರಳವಾಗಿವೆ. ವಾದಿರಾಜ, ವಾದೀಭಸಿಂಹ ಎಂಬ ಹೆಸರುಗಳೇ ಬಿರುದಿನ ರೂಪದವು. ಇಂತಹ ಪ್ರಶಸ್ತಿಗಳನ್ನು ಓದುತ್ತ ಹೋದಂತೆ, ಪರವಾದಿಯನ್ನು ಮೌನಗೊಳಿಸಿದ ಅಥವಾ ತನ್ನ ಮತಕ್ಕೆ ಒಪ್ಪಿಸಿದ ಯುಕ್ತಿಯೇ ಬಲವಾದ ಯುಕ್ತಿಯೆಂಬ ಭಾವನೆ ಓದುಗರಲ್ಲಿ ತಾನಾಗಿ ನೆಲೆಗೊಳ್ಳುತ್ತದೆ. ಗ್ರಂಥಸಂಪಾದಕರ ಪೀಠಿಕೆಗಳಲ್ಲಿಯೂ ಈ ಭಾವನೆ ಆಗಾಗ ತಲೆದೋರುವುದುಂಟು: ಗ್ರಂಥದ ಯುಕ್ತಿಯನ್ನು ಪರೀಕ್ಷಿಸುವುದಕ್ಕೆ ಬದಲು ಗ್ರಂಥಕರ್ತೃವು ಗೆದ್ದ ಸಭೆಗಳನ್ನು ಎಣಿಸಿ ಮುಗಿಸಲಾಗುತ್ತದೆ. ಆದರೆ ಅದೇ ಆಚಾರ್ಯರು ರಚಿಸಿದ ನ್ಯಾಯಗ್ರಂಥಗಳು ಹೇಳುವ ಮಾತು ಬೇರೆಯಾಗಿದೆ.

ಶ್ರವಣಬೆಳ್ಗೊಳದ ಚಂದ್ರಗಿರಿಯಲ್ಲಿ, ಪಾರ್ಶ್ವನಾಥ ಬಸದಿಯಲ್ಲಿರುವ ಮಲ್ಲಿಷೇಣ ಪ್ರಶಸ್ತಿಯು (ಕ್ರಿ.ಶ. 1129) ಈ ವಿಚಾರಕ್ಕೆ ತಕ್ಕ ಆರಂಭಸ್ಥಾನ. ಹಿಮಶೀತಲನ ಸಭೆಯಲ್ಲಿ ಅಕಲಂಕದೇವರು ಬೌದ್ಧರನ್ನು ಸೋಲಿಸಿದ ಪ್ರಸಂಗ ಅದರಲ್ಲಿದೆ. ಅಲ್ಲಿ ಅಕಲಂಕರ ಬಾಯಲ್ಲಿ ಬರುವ ಮಾತಿನ ತಾತ್ಪರ್ಯವನ್ನು ಗಮನಿಸಬೇಕು. ಅಹಂಕಾರದಿಂದಲೂ ಅಲ್ಲ, ದ್ವೇಷದಿಂದಲೂ ಅಲ್ಲ, ನೈರಾತ್ಮ್ಯವನ್ನು ನಂಬಿ ಜನರು ಹಾಳಾಗುತ್ತಿರುವರೆಂಬ ಕಾರುಣ್ಯಬುದ್ಧಿಯಿಂದ ತಾವು ವಾದಕ್ಕಿಳಿದುದಾಗಿ ಅವರು ಹೇಳುತ್ತಾರೆ. ಅದೇ ಪ್ರಶಸ್ತಿಯು ಪಾತ್ರಕೇಸರಿಗಳನ್ನೂ ಸ್ತುತಿಸುತ್ತದೆ. ಆದರೆ ಅಲ್ಲಿ ರಾಜಸಭೆಯಿಲ್ಲ, ಸೋತವರ ಪಟ್ಟಿಯಿಲ್ಲ. ಹೇತುವಿನ ತ್ರೈರೂಪ್ಯವನ್ನು ಖಂಡಿಸುವ ಕಾರ್ಯದಲ್ಲಿ ಪದ್ಮಾವತೀದೇವಿ ಅವರಿಗೆ ಸಹಾಯಳಾದಳೆಂಬ ಮಾತು ಮಾತ್ರ ಇದೆ. ಒಂದು ಸಭೆಯ ಜಯ, ಇನ್ನೊಂದು ಯುಕ್ತಿಯ ಲಾಭ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೇ ಎಂಬುದೇ ಪ್ರಶ್ನೆ.

ಜಯವೆಂದರೇನು ಎಂಬುದನ್ನು ಮೊದಲು ನಿರ್ಣಯಿಸಿದವರು ಜೈನರಲ್ಲ. ನ್ಯಾಯಸೂತ್ರವು ವಾದ, ಜಲ್ಪ, ವಿತಂಡೆಗಳನ್ನು ಬೇರ್ಪಡಿಸಿ, ಜಲ್ಪವಿತಂಡೆಗಳಲ್ಲಿ ಛಲಜಾತಿಗಳಿಗೂ ಎಡೆಗೊಟ್ಟು, 22 ನಿಗ್ರಹಸ್ಥಾನಗಳನ್ನು ಹೇಳಿತು. ಧರ್ಮಕೀರ್ತಿಯು ವಾದನ್ಯಾಯದಲ್ಲಿ ಈ ಪಟ್ಟಿಯನ್ನು ತಿರಸ್ಕರಿಸಿ ಎರಡನ್ನೇ ಉಳಿಸಿಕೊಂಡನು: ವಾದಿಗೆ ಅಸಾಧನಾಂಗವಚನ, ಪ್ರತಿವಾದಿಗೆ ಅದೋಷೋದ್ಭಾವನ. ಸಾಧನದ ಅಂಗವಲ್ಲದ್ದನ್ನು ನುಡಿದರೆ ವಾದಿಗೆ ಸೋಲು. ಇರುವ ದೋಷವನ್ನು ತೋರಿಸದಿದ್ದರೆ ಪ್ರತಿವಾದಿಗೆ ಸೋಲು. ನೋಡಲು ಇದು ಚೊಕ್ಕಟವಾದ ವ್ಯವಸ್ಥೆಯೇ. ಆದರೆ ಧರ್ಮಕೀರ್ತಿಯ ದೃಷ್ಟಿಯಲ್ಲಿ ಪ್ರತಿಜ್ಞಾವಾಕ್ಯವು ಸಾಧನಾಂಗವಲ್ಲ. ಆದುದರಿಂದ ಜೈನವಾದಿಯು ತನ್ನ ಪದ್ಧತಿಯಂತೆ ಪಕ್ಷವನ್ನು ಉಚ್ಚರಿಸಿದೊಡನೆಯೇ, ಅವನ ಹೇತು ಎಷ್ಟೇ ನಿರ್ದುಷ್ಟವಾಗಿರಲಿ, ಸೋತಂತೆ ಆಗುತ್ತದೆ.

ಅಕಲಂಕದೇವರು ಇದನ್ನು ಒಪ್ಪಲಿಲ್ಲ. ಸಿದ್ಧಿವಿನಿಶ್ಚಯದ ಐದನೆಯ ಪ್ರಸ್ತಾವವಾದ ಜಲ್ಪಸಿದ್ಧಿಯಲ್ಲಿಯೂ ಇತರ ಕೃತಿಗಳಲ್ಲಿಯೂ ಅವರು ಸ್ಥಾಪಿಸಿದ ನಿಯಮವನ್ನು ಹೀಗೆ ಸಂಗ್ರಹಿಸಬಹುದು: ಒಬ್ಬನ ಸ್ವಪಕ್ಷಸಿದ್ಧಿಯೇ ಇನ್ನೊಬ್ಬನ ನಿಗ್ರಹ, ಅದಕ್ಕಿಂತ ಬೇರೆಯಾದ ನಿಗ್ರಹವಿಲ್ಲ. ವಾದಿಯು ಒಂದು ಮಾತನ್ನು ಹೆಚ್ಚಾಗಿ ಆಡಿದನೆಂದು, ಪ್ರತಿವಾದಿಯು ತಡವರಿಸಿದನೆಂದು, ಸಭೆಯಲ್ಲಿ ಯಾರೋ ನಕ್ಕರೆಂದು ಜಯಾಪಜಯಗಳು ನಿರ್ಣಯವಾಗಲಾರವು. ಇಬ್ಬರಲ್ಲಿ ಒಬ್ಬನೂ ತನ್ನ ಪಕ್ಷವನ್ನು ಸಾಧಿಸದಿದ್ದರೆ ಯಾರಿಗೂ ಜಯವಿಲ್ಲ. ಇದರ ಒಂದು ಸೂಕ್ಷ್ಮ ಪರಿಣಾಮವನ್ನು ಆಚಾರ್ಯರು ಬಿಡದೆ ಹೇಳಿದ್ದಾರೆ. ವಾದಿಯ ಹೇತು ವಿರುದ್ಧವೆಂದು ತೋರಿಸಿದ ಪ್ರತಿವಾದಿಯು ಅಷ್ಟರಿಂದಲೇ ಗೆಲ್ಲುತ್ತಾನೆ. ಏಕೆಂದರೆ ವಿರುದ್ಧಹೇತುವು ಸಾಧ್ಯದ ವಿಪರೀತವನ್ನೇ ಸಾಧಿಸುವುದರಿಂದ ಪ್ರತಿವಾದಿಯ ಪಕ್ಷವೇ ಸಿದ್ಧವಾಯಿತು. ಅಸಿದ್ಧವೆಂದೋ ಅನೈಕಾಂತಿಕವೆಂದೋ ತೋರಿಸಿದರೆ ಅಷ್ಟು ಸಾಲದು, ಅವನು ತನ್ನ ಪಕ್ಷವನ್ನು ಬೇರೆಯಾಗಿ ಸಾಧಿಸಬೇಕು. ಪರರನ್ನು ಕೆಡವುವುದೂ ತನ್ನನ್ನು ನಿಲ್ಲಿಸಿಕೊಳ್ಳುವುದೂ ಒಂದಲ್ಲವೆಂಬ ಈ ವಿವೇಕವನ್ನು ವಿದ್ಯಾನಂದ, ಪ್ರಭಾಚಂದ್ರರು ವಿಸ್ತರಿಸಿದರು. ಹೇಮಚಂದ್ರಾಚಾರ್ಯರ ಪ್ರಮಾಣಮೀಮಾಂಸೆಯೂ ಸ್ವಪಕ್ಷಸಿದ್ಧಿಯನ್ನೇ ಜಯವೆನ್ನುತ್ತದೆ. ದುರ್ದೈವದಿಂದ ಆ ಗ್ರಂಥವು ಅಪೂರ್ಣವಾಗಿ ಉಳಿದುಬಂದಿದೆ. ಈ ಪ್ರಕರಣದ ಆಸುಪಾಸಿನಲ್ಲಿಯೇ ಪ್ರತಿಗಳು ನಿಂತುಹೋಗುತ್ತವೆ.

ಈ ನಿಯಮದಲ್ಲಿ ಪ್ರತಿವಾದಿಯ ಸಮ್ಮತಿಯ ಮಾತೇ ಇಲ್ಲವೆಂಬುದು ಸ್ಪಷ್ಟ. ಸಿದ್ಧಿಯನ್ನು ಅರಿಯುವವರು ಯಾರು? ಇದಕ್ಕಾಗಿ ವಾದವನ್ನು ಚತುರಂಗವೆಂದರು: ವಾದಿ, ಪ್ರತಿವಾದಿ, ಸಭ್ಯರು, ಸಭಾಪತಿ. ಸಭ್ಯರು ಉಭಯ ಸಿದ್ಧಾಂತಗಳನ್ನೂ ಬಲ್ಲವರು, ಬಹುಶ್ರುತರು, ಕ್ಷಮಾವಂತರು, ಮಧ್ಯಸ್ಥರು ಆಗಿರಬೇಕು. ಮೇಲಾಗಿ ವಾದಿಪ್ರತಿವಾದಿಗಳಿಬ್ಬರಿಗೂ ಸಮ್ಮತರಾಗಿರಬೇಕು ಎಂದು ವಾದಿದೇವಸೂರಿಗಳ ಪ್ರಮಾಣನಯತತ್ತ್ವಾಲೋಕಾಲಂಕಾರದ ಎಂಟನೆಯ ಪರಿಚ್ಛೇದ ವಿಧಿಸುತ್ತದೆ. ಪ್ರತಿವಾದಿಯ ಒಪ್ಪಿಗೆ ಬೇಕಾದದ್ದು ಸಭ್ಯರ ಆಯ್ಕೆಗೆ, ನಿರ್ಣಯಕ್ಕಲ್ಲ. ಅದೇ ಪರಿಚ್ಛೇದವು ವಾದವನ್ನು ಆರಂಭಿಸುವವರನ್ನು ಜಿಗೀಷು, ತತ್ತ್ವನಿರ್ಣಿನೀಷು ಎಂದು ವಿಭಾಗಿಸುತ್ತದೆ. ಜಿಗೀಷುಗಳ ವಾದಕ್ಕೆ ಸಭ್ಯರು ಕಾಲದ ಮಿತಿಯನ್ನು ಹಾಕಬಹುದು. ಇಬ್ಬರೂ ತತ್ತ್ವನಿರ್ಣಿನೀಷುಗಳಾದರೆ ನಿರ್ಣಯವಾಗುವವರೆಗೆ, ಮಾತು ಸ್ಫುರಿಸುವವರೆಗೆ ನಡೆಯಬೇಕು. ಅಲ್ಲಿ ಸಭಾಪತಿಯ ಅಗತ್ಯವೂ ಇಲ್ಲ.

ಹೀಗೆ ಶಾಸ್ತ್ರವನ್ನು ಬರೆದ ದೇವಸೂರಿಗಳ ಹೆಸರಿನಲ್ಲಿಯೇ ಮಧ್ಯಯುಗದ ಅತಿಪ್ರಸಿದ್ಧವಾದ ವಾದವೊಂದು ಉಳಿದಿದೆ. ವಿಕ್ರಮ ಸಂವತ್ 1181ರಲ್ಲಿ ಅಣಹಿಲಪಾಟಣದಲ್ಲಿ, ಸಿದ್ಧರಾಜ ಜಯಸಿಂಹನ ಸಮ್ಮುಖದಲ್ಲಿ, ಕರ್ಣಾಟದಿಂದ ಬಂದವರೆಂದು ಹೇಳಲಾದ ದಿಗಂಬರ ಕುಮುದಚಂದ್ರರೊಡನೆ ಅವರಿಗೆ ವಾದವಾಯಿತು. ಸ್ತ್ರೀಮುಕ್ತಿಯು ಅದರ ಮುಖ್ಯ ವಿಷಯಗಳಲ್ಲೊಂದು. ಮುದ್ರಿತಕುಮುದಚಂದ್ರ ನಾಟಕ, ಪ್ರಭಾವಕಚರಿತ, ಪ್ರಬಂಧಚಿಂತಾಮಣಿಗಳು ದೇವಸೂರಿಗಳ ಜಯವನ್ನು ವರ್ಣಿಸುತ್ತವೆ. ಇವೆಲ್ಲವೂ ಶ್ವೇತಾಂಬರ ಮೂಲಗಳೇ. ಜಯವು ನಡೆದಂತೆಯೇ ವರ್ಣಿತವಾಗಿದೆಯೆಂದು ಇಟ್ಟುಕೊಂಡರೂ ಅದರಿಂದ ಸ್ತ್ರೀಮುಕ್ತಿಯ ವಿವಾದ ತೀರಲಿಲ್ಲ. ದಿಗಂಬರ ಪರಂಪರೆ ತನ್ನ ಪಕ್ಷವನ್ನು ಬಿಡಲಿಲ್ಲ. ಆ ವಿಷಯದ ನಿಜವಾದ ಬಲಾಬಲವನ್ನು ಅರಿಯಬೇಕಾದವರು ಇಂದಿಗೂ ತೆರೆಯಬೇಕಾದದ್ದು ಯಾಪನೀಯ ಶಾಕಟಾಯನರ ಸ್ತ್ರೀನಿರ್ವಾಣ ಪ್ರಕರಣವನ್ನು, ಪ್ರಭಾಚಂದ್ರರ ನ್ಯಾಯಕುಮುದಚಂದ್ರ, ಪ್ರಮೇಯಕಮಲಮಾರ್ತಂಡಗಳನ್ನು, ದೇವಸೂರಿಗಳದೇ ಸ್ಯಾದ್ವಾದರತ್ನಾಕರವನ್ನು, ನಾಟಕವನ್ನಲ್ಲ.

ಸಮ್ಮತಿಯನ್ನು ಅಳತೆಗೋಲಾಗಿ ಹಿಡಿಯುವುದಕ್ಕೆ ಆಗಮದೃಷ್ಟಿಯಿಂದಲೂ ಬಾಧೆಯುಂಟು. ಮಿಥ್ಯಾತ್ವಕ್ಕೆ ಕಾರಣ ದರ್ಶನಮೋಹನೀಯದ ಉದಯ. ಅಭವ್ಯನಿಗೆ ಜಿನವಚನವೂ ಸಮ್ಯಕ್ತ್ವವನ್ನು ಹುಟ್ಟಿಸದು. ಒಪ್ಪಿಸಿದ್ದೇ ಪ್ರಮಾಣವಾದರೆ ದಿವ್ಯಧ್ವನಿಯನ್ನೇ ದುರ್ಬಲವೆನ್ನಬೇಕಾದ ಪ್ರಸಂಗ ಬರುತ್ತದೆ. ಮರೀಚಿಯು ಆದಿತೀರ್ಥಂಕರರ ಮೊಮ್ಮಗನಾಗಿದ್ದೂ ಮಿಥ್ಯಾಮತವನ್ನೇ ಪ್ರವರ್ತಿಸಿದನು. ಅದೇ ಜೀವವು ಬಹುಭವಗಳ ಅನಂತರ ವರ್ಧಮಾನನಾಯಿತು. ಇದಕ್ಕೆ ಎದುರಾಗಿ ಇಂದ್ರಭೂತಿಯ ಪ್ರಸಂಗವನ್ನು ಹೇಳುವವರುಂಟು. ವಾದಿಸಲು ಬಂದವನು ಶಿಷ್ಯನಾದನು, ನಿಜ. ಆದರೆ ದಿಗಂಬರ ಕಥಾಪರಂಪರೆಯಲ್ಲಿ ಅವನ ಮಾನವು ಕರಗಿದ್ದು ಮಾನಸ್ತಂಭವನ್ನು ಕಂಡಾಗ, ಪಂಚಾವಯವ ವಾಕ್ಯವನ್ನು ಕೇಳಿ ಅಲ್ಲ. ಮನಸ್ಸು ತಿರುಗುವುದಕ್ಕೆ ಕಾರಣಗಳು ಬೇರೆ, ಹೇತು ಸಾಧುವಾಗುವುದಕ್ಕೆ ಕಾರಣ ಬೇರೆ.

ಹಾಗಾದರೆ ಪ್ರತಿವಾದಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಿಲ್ಲವೇ? ಈ ಕೊನೆಗೆ ಜಾರಿದರೂ ತಪ್ಪೇ. ಮಾಣಿಕ್ಯನಂದಿಗಳ ಪರೀಕ್ಷಾಮುಖದಲ್ಲಿ ಸಾಧ್ಯದ ಲಕ್ಷಣ ಇಷ್ಟ, ಅಬಾಧಿತ, ಅಸಿದ್ಧ ಎಂದಿದೆ. ಇವುಗಳಲ್ಲಿ ಅಸಿದ್ಧತ್ವವು ಪ್ರತಿವಾದಿಯ ಅಪೇಕ್ಷೆಯಿಂದ, ಇಷ್ಟತ್ವವು ವಾದಿಯ ಅಪೇಕ್ಷೆಯಿಂದ. ತಿಳಿಸಬೇಕೆಂಬ ಇಚ್ಛೆ ಹೇಳುವವನದೇ ಆದ್ದರಿಂದ ಹೀಗೆ. ಪ್ರತಿವಾದಿಗೆ ಸಿದ್ಧವಲ್ಲದ ಹೇತುವನ್ನು ಅವನ ಮುಂದಿಟ್ಟರೆ ಅದು ಅಸಿದ್ಧವೇ ಸರಿ, ಮೊದಲು ಅದನ್ನು ಪ್ರಮಾಣದಿಂದ ಸಾಧಿಸಿಕೊಡಬೇಕು. ಆಗಮವನ್ನು ಒಪ್ಪದವನಿಗೆ ಆಗಮವಾಕ್ಯವನ್ನು ಓದುವುದು ಸ್ವಾಧ್ಯಾಯವಾದೀತು, ವಾದವಾಗದು. ಆದ್ದರಿಂದ ಯುಕ್ತಿಯ ಮೊದಲ ಹೆಜ್ಜೆಯನ್ನು ಪ್ರತಿವಾದಿ ನಿಂತಿರುವ ನೆಲದಲ್ಲಿಯೇ ಇಡಬೇಕು. ಕೊನೆಯ ಹೆಜ್ಜೆಗೆ ಅವನು ಜೊತೆಗೂಡುವನೋ ಇಲ್ಲವೋ ಎಂಬುದು ಅವನ ಕ್ಷಯೋಪಶಮಕ್ಕೆ ಬಿಟ್ಟದ್ದು.

ಈ ಭೇದವನ್ನು ಪಾತ್ರಸ್ವಾಮಿಗಳ ವೃತ್ತಾಂತವು ಇನ್ನಾವುದಕ್ಕಿಂತಲೂ ಚೆನ್ನಾಗಿ ವಿಶದಪಡಿಸುತ್ತದೆ. (ಪಾತ್ರಸ್ವಾಮಿ, ಪಾತ್ರಕೇಸರಿ ಒಬ್ಬರೇ, ಅವರೂ ವಿದ್ಯಾನಂದರೂ ಒಬ್ಬರೇ ಎಂಬ ಹಳೆಯ ಭ್ರಮೆಯನ್ನು ಪಂ. ಜುಗಲಕಿಶೋರ ಮುಖ್ತಾರರು ನಿವಾರಿಸಿದ್ದಾರೆ.) ಪಕ್ಷಧರ್ಮತ್ವ, ಸಪಕ್ಷಸತ್ತ್ವ, ವಿಪಕ್ಷಾಸತ್ತ್ವ ಎಂಬ ಮೂರು ರೂಪಗಳಿದ್ದರೆ ಹೇತು ಸಾಧುವೆಂದು ಬೌದ್ಧರು ಹೇಳಿದರು. ಅನ್ಯಥಾನುಪಪತ್ತಿಯೊಂದೇ ಲಕ್ಷಣ, ಅದಿದ್ದಲ್ಲಿ ಮೂರು ವ್ಯರ್ಥ, ಅದಿಲ್ಲದಲ್ಲಿಯೂ ಮೂರು ವ್ಯರ್ಥ ಎಂದು ಪಾತ್ರಸ್ವಾಮಿಗಳು ಉತ್ತರಿಸಿದರು. ಒಬ್ಬ ತಾಯಿಯ ಮಕ್ಕಳೆಲ್ಲ ಶ್ಯಾಮವರ್ಣದವರೆಂದು ಗರ್ಭಸ್ಥ ಶಿಶುವೂ ಶ್ಯಾಮನೇ ಎಂದು ಊಹಿಸಿದರೆ ಅಲ್ಲಿ ಮೂರು ರೂಪಗಳೂ ಕಾಣುತ್ತವೆ, ಆದರೂ ಹೇತು ಸಾಧುವಲ್ಲ. ಕೃತ್ತಿಕೆ ಮೂಡಿದ್ದರಿಂದ ಸ್ವಲ್ಪ ಹೊತ್ತಿನಲ್ಲಿ ರೋಹಿಣಿ ಮೂಡುವುದೆಂಬಲ್ಲಿ ಪಕ್ಷಧರ್ಮತ್ವವೇ ಇಲ್ಲ, ಆದರೂ ಹೇತು ಸಾಧು.

ಬೌದ್ಧರು ಒಪ್ಪಲಿಲ್ಲ. ಎಂಟನೆಯ ಶತಮಾನದ ಶಾಂತರಕ್ಷಿತನು ತತ್ತ್ವಸಂಗ್ರಹದ ಅನುಮಾನಪರೀಕ್ಷೆಯಲ್ಲಿ ಪಾತ್ರಸ್ವಾಮಿಗಳ ಮತವನ್ನು ವಿಸ್ತಾರವಾಗಿ ಅನುವಾದಿಸಿ ಖಂಡಿಸಿದನು. ಅವನ ಶಿಷ್ಯ ಕಮಲಶೀಲನು ಪಂಜಿಕೆಯಲ್ಲಿ ಗುರುವಿನ ಮಾತನ್ನು ವಿವರಿಸಿದನು. ಈ ಅವಿನಾಭಾವವು ಸಾಮಾನ್ಯವಾಗಿ ಇರುವುದೋ, ಸಾಧ್ಯಧರ್ಮಿಯಲ್ಲಿಯೋ, ದೃಷ್ಟಾಂತದಲ್ಲಿಯೋ ಎಂಬುದು ಅವರ ಪ್ರಶ್ನೆ. ಧರ್ಮಿಯಲ್ಲಿಯೇ ಅದು ನಿಶ್ಚಿತವೆಂದರೆ ಸಾಧ್ಯವೂ ಆಗಲೇ ತಿಳಿದುಹೋಯಿತು, ಹೇತುವಿನಿಂದ ಪ್ರಯೋಜನವೇನು? ಇದು ಕುಹಕವಲ್ಲ, ಬಲವಾದ ಆಕ್ಷೇಪ. ಶ್ಯಾಮಶಿಶುವಿನ ಉದಾಹರಣೆಯಲ್ಲಿ ವಿಪಕ್ಷದಿಂದ ವ್ಯಾವೃತ್ತಿಯು ನಿಶ್ಚಿತವಾಗಿಲ್ಲದ್ದರಿಂದ ತ್ರೈರೂಪ್ಯವೇ ಅಲ್ಲಿಲ್ಲವೆಂಬುದು ಬೌದ್ಧರ ಮತ್ತೊಂದು ಸಮಾಧಾನ. ಜೈನ ತಾರ್ಕಿಕರು ಈ ಆಕ್ಷೇಪಗಳಿಂದ ಪ್ರಯೋಜನ ಪಡೆದರು. ಆ ವ್ಯಾವೃತ್ತಿಯ ನಿಶ್ಚಯವೇ ಅನ್ಯಥಾನುಪಪತ್ತಿ, ಅದನ್ನು ಒಪ್ಪಿದ ಮೇಲೆ ಉಳಿದೆರಡು ರೂಪಗಳಿಗೆ ಕೆಲಸವೇನು ಎಂಬ ರೂಪದಲ್ಲಿ ಯುಕ್ತಿಯು ಮತ್ತಷ್ಟು ಹರಿತವಾಯಿತು. ಅವಿನಾಭಾವವನ್ನು ಗ್ರಹಿಸುವ ಪ್ರಮಾಣ ಯಾವುದೆಂಬ ಪ್ರಶ್ನೆಗೆ ಉತ್ತರವಾಗಿ ತರ್ಕವನ್ನು ಪ್ರತ್ಯೇಕ ಪ್ರಮಾಣವೆಂದು ಅಕಲಂಕರು ನೆಲೆಗೊಳಿಸಿದರು. ಎದುರಾಳಿಯು ಒಪ್ಪಿಬಿಟ್ಟಿದ್ದರೆ ಈ ಪರಿಷ್ಕಾರಕ್ಕೆ ಇಷ್ಟು ಒತ್ತಡ ಬರುತ್ತಿತ್ತೆಂದು ಹೇಳಲಾಗದು.

ಮುಂದೆ ಹನ್ನೊಂದನೆಯ ಶತಮಾನದ ಸುಮಾರಿಗೆ ಬೌದ್ಧ ರತ್ನಾಕರಶಾಂತಿಯು ಅಂತರ್ವ್ಯಾಪ್ತಿಸಮರ್ಥನವೆಂಬ ಗ್ರಂಥವನ್ನು ಬರೆದು, ದೃಷ್ಟಾಂತದ ಹಂಗಿಲ್ಲದ ವ್ಯಾಪ್ತಿಯನ್ನು ಸಮರ್ಥಿಸಿದನು. ಅಂತರ್ವ್ಯಾಪ್ತಿಯ ಮಾತು ನ್ಯಾಯಾವತಾರದಲ್ಲಿ ಅದಕ್ಕೂ ಬಹು ಹಿಂದೆಯೇ ಇದೆ. ಇದನ್ನು ಜೈನರ ಜಯವೆಂದು ಬರೆದುಕೊಳ್ಳುವುದು ಆತುರವಾದೀತು. ಅವನು ಅಲ್ಲಿಗೆ ಬಂದದ್ದು ತನ್ನದೇ ಕ್ಷಣಭಂಗಸಾಧನೆಯ ಅಗತ್ಯದಿಂದ. ಆದರೆ ಅಂತಹ ಅಗತ್ಯವುಂಟೆಂದು ಮೊದಲು ಕಂಡ ಯುಕ್ತಿಯು, ಕೇಳಿದವರು ತಲೆದೂಗದಿದ್ದ ದಿನವೂ ಅಷ್ಟೇ ಬಲವಾಗಿತ್ತು.

ಪಾತ್ರಸ್ವಾಮಿಗಳ ತ್ರಿಲಕ್ಷಣಕದರ್ಥನವು ಇಂದು ಲಭ್ಯವಿಲ್ಲ. ಅವರ ಪ್ರಸಿದ್ಧ ಕಾರಿಕೆಯನ್ನು ಅಕಲಂಕರು ನ್ಯಾಯವಿನಿಶ್ಚಯದಲ್ಲಿ ಅಳವಡಿಸಿಕೊಂಡರು. ವಾದದ ವಿಸ್ತಾರವಾದ ನಿರೂಪಣೆ ಅವರ ಹೆಸರಿನೊಡನೆ ದೊರೆಯುವುದು ಮಾತ್ರ ತತ್ತ್ವಸಂಗ್ರಹದಲ್ಲಿ. ಆ ತತ್ತ್ವಸಂಗ್ರಹವನ್ನು ಸಂಸ್ಕೃತದಲ್ಲಿ ಕಾಪಾಡಿದವರು ಪಾಟಣ, ಜೈಸಲ್ಮೇರಗಳ ಜೈನ ಭಂಡಾರದವರು. 1926ರಲ್ಲಿ ಬಡೋದೆಯ ಗಾಯಕವಾಡ ಮಾಲೆಯಲ್ಲಿ ಅದು ಮುದ್ರಿತವಾಯಿತು. ಜಯರಾಶಿಯ ತತ್ತ್ವೋಪಪ್ಲವಸಿಂಹವು ಯಾವ ಪ್ರಮಾಣವನ್ನೂ ಉಳಿಸದೆ ಎಲ್ಲ ದರ್ಶನಗಳನ್ನೂ ಅಲ್ಲಗಳೆದ ಗ್ರಂಥ. ಅದರ ತಾಳೆಗರಿಯ ಪ್ರತಿಯೂ ಸಿಕ್ಕಿದ್ದು ಪಾಟಣದ ಜೈನ ಭಂಡಾರದಲ್ಲಿಯೇ. ತನ್ನ ಮತವನ್ನು ಒಪ್ಪದವನ ಗ್ರಂಥವನ್ನು ಖರ್ಚುಮಾಡಿ ಬರೆಯಿಸಿ, ಗಂಟುಕಟ್ಟಿ ಕಾಪಾಡಿದವರು ಅವನ ಸಮ್ಮತಿಗಾಗಿ ಕಾಯುತ್ತಿರಲಿಲ್ಲ, ಅವನ ಆಕ್ಷೇಪ ಅವರಿಗೆ ಬೇಕಾಗಿತ್ತು. ವಾದನ್ಯಾಯದ ಸಂಸ್ಕೃತಮೂಲವು ಟಿಬೆಟ್ಟಿನಲ್ಲಿ ರಾಹುಲ ಸಾಂಕೃತ್ಯಾಯನರಿಗೆ ದೊರೆತು 1930ರ ದಶಕದಲ್ಲಿ ಪ್ರಕಟವಾದ ಮೇಲೆ, ಜೈನಾಚಾರ್ಯರು ಧರ್ಮಕೀರ್ತಿಯ ಮಾತನ್ನು ಎಷ್ಟು ಪ್ರಾಮಾಣಿಕವಾಗಿ ಅನುವಾದಿಸಿದ್ದಾರೆಂದು ಪಂಕ್ತಿಗೆ ಪಂಕ್ತಿ ಹೋಲಿಸಿ ನೋಡುವುದು ಸಾಧ್ಯವಾಯಿತು. 1959ರಲ್ಲಿ ಪಂ. ಮಹೇಂದ್ರಕುಮಾರ ನ್ಯಾಯಾಚಾರ್ಯರು ಅನಂತವೀರ್ಯರ ಟೀಕೆಯಿಂದ ಸಿದ್ಧಿವಿನಿಶ್ಚಯದ ಮೂಲವನ್ನು ಬಿಡಿಸಿ ಪ್ರಕಟಿಸಿದ ಸಂಪಾದನೆಯು ಇಂತಹ ಹೋಲಿಕೆಗೆ ಮಾದರಿಯಾಗಿದೆ.

ಹಸ್ತಪ್ರತಿಗಳ ವಿವರಣಾತ್ಮಕ ಸೂಚಿಗಳನ್ನು ಸಿದ್ಧಪಡಿಸುವಾಗ ಗ್ರಂಥಕರ್ತೃವಿನ ಬಿರುದುಗಳಿಗೆ ಕೊಡುವಷ್ಟೇ ಸ್ಥಳವನ್ನು, ಆ ಗ್ರಂಥದ ಯಾವ ಯುಕ್ತಿಯನ್ನು ಯಾವ ಪರವಾದಿಯು ಎಲ್ಲಿ ಎತ್ತಿಕೊಂಡಿದ್ದಾನೆಂಬುದಕ್ಕೂ ಕೊಡುವುದು ಉಚಿತ. ವಿದ್ಯಾನಂದರು ಶ್ಲೋಕವಾರ್ತಿಕದಲ್ಲಿ ಶ್ರೀದತ್ತರೆಂಬ ಪ್ರಾಚೀನ ಆಚಾರ್ಯರನ್ನು ನೆನೆಯುತ್ತಾರೆ. 63 ಮಂದಿ ವಾದಿಗಳನ್ನು ಗೆದ್ದವರು, ಜಲ್ಪನಿರ್ಣಯವೆಂಬ ಗ್ರಂಥವನ್ನು ಬರೆದವರು. ಗೆದ್ದವರ ಸಂಖ್ಯೆ ಉಳಿದಿದೆ, ಗ್ರಂಥ ಲಭ್ಯವಿಲ್ಲ. ಅದರ ಅಂಶಗಳೇನಾದರೂ ಉಳಿದಿದ್ದರೆ ಅವುಗಳನ್ನು ಅರಸಬೇಕಾದದ್ದು ಜೈನ ಭಂಡಾರಗಳಲ್ಲಿ ಮಾತ್ರವಲ್ಲ, ಆ ಕಾಲದ ಬೌದ್ಧ ಹಾಗೂ ನೈಯಾಯಿಕ ಗ್ರಂಥಗಳ ಪೂರ್ವಪಕ್ಷಗಳಲ್ಲಿಯೂ ಹೌದು.